ಸಣ್ಣ ಎಲೆಗಳ ಲೆಕ್ಕ

ನಮ್ಮ ಮನೆಯಲ್ಲಿ ಗಂಡುಮಕ್ಕಳ ಕೈಗೆ ಹರಿತವಾದದ್ದನ್ನು ಕೊಡುತ್ತಿರಲಿಲ್ಲ. ಅಡಿಗೆಮನೆಯ ಮೆಟ್ಟುಕತ್ತಿಯನ್ನು ಕೆಲಸ ಮುಗಿದ ಕೂಡಲೇ ಗೋಡೆಯ ಕಡೆಗೆ ತಿರುಗಿಸಿ, ಮೇಲೊಂದು ಹಳೆ ಗೋಣಿ ಹೊದಿಸಿ ಇಡುತ್ತಿದ್ದರು. ಹೊಸ್ತಿಲುಗಳಿಗೆ ಬೈಹುಲ್ಲಿನ ಹಗ್ಗ ಸುತ್ತಿತ್ತು. ಚಾವಡಿಯ ಕಂಬಗಳಿಗೆ ಮಕ್ಕಳ ತಲೆ ತಾಗುವ ಎತ್ತರದವರೆಗೆ ತೆಂಗಿನ ನಾರಿನ ಹುರಿ ಸುತ್ತಿತ್ತು. ಮೀನು ಮಾಡಿದ ದಿನ ಅಜ್ಜಿ ಬಾಗಿಲ ಬೆಳಕಿಗೆ ಕೂತು ಒಂದೊಂದೇ ಮುಳ್ಳು ಬಿಡಿಸಿ ಕೊಟ್ಟ ಮೇಲೆಯೇ ಹುಡುಗರು ತುತ್ತು ಬಾಯಿಗಿಡಬೇಕು. ಕಬ್ಬು ಅಗಿಯುವುದು, ಮರ ಹತ್ತುವುದು, ಕೋಳಿ ಕಾದಾಡಿಸುವ ಅಂಕಕ್ಕೆ ಹೋಗುವುದು, ಇದೆಲ್ಲ ಬೇರೆ ಮನೆಯವರ ಸಂತೋಷ. ಕ್ಷೌರದವನು ನಮ್ಮ ಅಂಗಳಕ್ಕೆ ಕತ್ತರಿ ಮಾತ್ರ ತರಬೇಕು, ಕ್ಷೌರದ ಕತ್ತಿ ತರಬಾರದು. ಹಾಗಾಗಿ ನಮ್ಮ ಗಂಡಸರಿಗೆಲ್ಲ ಗಡ್ಡ. ನಮ್ಮೂರು ಮಿಜಾರಿನ ಸುತ್ತಮುತ್ತ ‘ಗಡ್ಡದ ಮನೆ’ ಎಂದರೆ ನಮ್ಮದೇ. ಈ ಮನೆಯ ಹುಡುಗರಿಗೆ ರಕ್ತ ಹರಿಯಲು ಸುರುವಾದರೆ ನಿಲ್ಲುತ್ತಿರಲಿಲ್ಲ ಎಂಬುದೇ ಇದಕ್ಕೆಲ್ಲ ಕಾರಣ. ಆದರೆ ಆ ಕಾರಣವನ್ನು ಬಾಯಿಬಿಟ್ಟು ಹೇಳಿದವರನ್ನು ನಾನು ಕಾಣಲಿಲ್ಲ.

ನನಗೆ ಆರು ವರ್ಷವಿದ್ದಾಗ ಗದ್ದೆಯ ಬದುವಿನಲ್ಲಿ ಯಾರೋ ಮರೆತು ಬಿಟ್ಟಿದ್ದ ಕತ್ತಿಯ ಮೇಲೆ ಕಾಲಿಟ್ಟೆ. ಹಿಮ್ಮಡಿ ಸೀಳಿತು. ಅಮ್ಮ ನನ್ನನ್ನು ಎತ್ತಿಕೊಂಡು ಓಡಿದಳು. ಜೇಡರ ಬಲೆ, ಅರಸಿನ, ಕಮ್ಯುನಿಸ್ಟ್ ಸೊಪ್ಪಿನ ರಸ, ಎಲ್ಲ ಕ್ಷಣದಲ್ಲಿ ತಯಾರಾಯಿತು. ಹೆಂಗಸರು ಸುತ್ತ ಕೂತರು. ಅಜ್ಜಿ ಬಟ್ಟೆ ಒತ್ತಿ ಹಿಡಿದು ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಬಿಡಿಸಿ ನೋಡಿದಳು. ರಕ್ತ ತಾನಾಗಿ ನಿಂತಿತ್ತು. ಅಮ್ಮ ನನ್ನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಲೇ ಇದ್ದಳು. ಗಾಯ ಒಣಗಿದ ಮೇಲೆ ಹುಲ್ಲು ಕೊಯ್ಯಲಿಕ್ಕೆ, ತರಕಾರಿ ಹೆಚ್ಚಲಿಕ್ಕೆ, ಬೇಲಿ ಕಡಿಯಲಿಕ್ಕೆ ನನ್ನನ್ನೇ ಕರೆದರು. ಆ ಮನೆಯಲ್ಲಿ ಕತ್ತಿ ಹಿಡಿಯುವ ಗಂಡಸು ನಾನೊಬ್ಬನೇ. ನನ್ನಲ್ಲಿ ಹೆಮ್ಮೆ ಎಂಬುದೇನಾದರೂ ಇದ್ದರೆ ಅದು ಹುಟ್ಟಿದ್ದು ಅಲ್ಲಿ. ಇವತ್ತಿಗೂ ಯಾರಾದರೂ ನನ್ನ ಕೈಯಿಂದ ಕೊಡಲಿ ಇಸಿದುಕೊಂಡು ‘ನೀವು ಕೂತ್ಕೊಳ್ಳಿ’ ಎಂದರೆ ನನಗೆ ಸಿಟ್ಟು ಬರುತ್ತದೆ.

ನಮ್ಮದು ಅಳಿಯಸಂತಾನದ ಮನೆ. ಮಕ್ಕಳು ತಾಯಿಯ ಮನೆಯವರು. ಯಜಮಾನಿಕೆ ಅಮ್ಮನ ಅಣ್ಣ ದೊಡ್ಡಮಾವನದ್ದು. ಅಪ್ಪ ಬಂಟ್ವಾಳ ಪೇಟೆಯ ಮಂಡಿಯೊಂದರಲ್ಲಿ ದೋಣಿಗೆ ಸರಕು ಏರಿಸುವವರ ಮೇಸ್ತ್ರಿಯಾಗಿದ್ದ. ಶನಿವಾರದ ಬಸ್ಸಿಗೆ ಬರುತ್ತಿದ್ದ, ಸೋಮವಾರ ಹೋಗುತ್ತಿದ್ದ. ನಾವು ಮೂವರು ಗಂಡುಮಕ್ಕಳು: ನಾನು, ಸಂಜೀವ, ಕೊನೆಯವನು ಬಾಬು. ನನ್ನದು ಬಿಟ್ಟು ಉಳಿದಿಬ್ಬರದ್ದೂ ನಿಲ್ಲದ ರಕ್ತ. ಸಂಜೀವ ಏಳನೇ ವರ್ಷದಲ್ಲಿ ಒಂದು ಹಾಲುಹಲ್ಲು ಬಿದ್ದು, ಅದರಿಂದಲೇ ತೀರಿಹೋದ. ನಾಲ್ಕು ದಿನ ಬಾಯಿಂದ ರಕ್ತ ಇಳಿಯಿತು. ಐದನೆಯ ದಿನ ಇಳಿಯಲು ಏನೂ ಉಳಿದಿರಲಿಲ್ಲ. ಹದಿಮೂರನೆಯ ದಿನದ ಕಾರ್ಯ ಕಳೆದ ಮೇಲೆ ದೊಡ್ಡಮಾವ ಪ್ರಶ್ನೆ ಇರಿಸಿದ. ಜೋಯಿಸರು ಕವಡೆ ಸರಿಸಿ, ಮಗುವಿನ ತಂದೆಯ ಮನೆಯ ನಾಗ ಮುನಿದಿದ್ದಾನೆ ಎಂದರು. ದೊಡ್ಡಮಾವ ಚಾವಡಿಯಲ್ಲಿ ನೆರೆಕರೆಯವರೆಲ್ಲ ಇರುವಾಗಲೇ ಅಪ್ಪನ ಕಡೆ ತಿರುಗಿದ.

“ಕೇಳಿತಲ್ಲ ಭಾವ? ನಿಮ್ಮ ಮನೆಯ ನಾಗ ನಮ್ಮ ಮಕ್ಕಳನ್ನು ತಿಂತಾ ಉಂಟು.”

“ನಮ್ಮ ನಾಗಬನದಲ್ಲಿ ಒಂದು ವರ್ಷವೂ ತಂಬಿಲದ ಪೂಜೆ ತಪ್ಪಿದ್ದಿಲ್ಲ ಭಾವ.”

“ಮತ್ತೆ ರಕ್ತ ನಿಲ್ಲದ್ದು ಯಾಕೆ? ನಮ್ಮ ಬಾವಿಯ ನೀರಿನಿಂದಲಾ?”

ಅಪ್ಪ ಅಮ್ಮನ ಕಡೆ ನೋಡಿದ. ಅಮ್ಮ ಏನಾದರೂ ಹೇಳುತ್ತಾಳೆ ಎಂದು ನಾನೂ ನೋಡಿದೆ. ಅವಳು ಬಾಗಿಲ ಹಿಂದೆ ಸರಿದಳು. ಅಪ್ಪ ಚೀಲ ತೆಗೆದುಕೊಂಡು ಮೆಟ್ಟಿಲಿಳಿದ. ಬಳಿಕ ಎರಡು ವರ್ಷ ನಮ್ಮ ಅಂಗಳ ತುಳಿಯಲಿಲ್ಲ. ಶನಿವಾರ ಬಸ್ಸಿನ ಸದ್ದು ಕೇಳಿದರೆ ಅಮ್ಮ ಮಾಡುತ್ತಿದ್ದ ಕೆಲಸ ನಿಲ್ಲಿಸುತ್ತಿದ್ದಳು, ಸದ್ದು ದೂರವಾದ ಮೇಲೆ ಮುಂದುವರಿಸುತ್ತಿದ್ದಳು. ಅವನನ್ನು ಹೇಗಾದರೂ ಮರಳಿ ತರಬೇಕು ಎಂಬುದು ಬಿಟ್ಟರೆ ಆಗ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಮೂಡಬಿದ್ರೆಯ ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಹೇಳುತ್ತಿದ್ದವರು ಇಂದ್ರ ಮಾಸ್ಟ್ರು. ಬಿಳಿ ಪಂಚೆ, ಮುಚ್ಚುಕಾಲರಿನ ಕೋಟು, ತೂಗಿ ಅಳೆದ ಹಾಗಿನ ಕನ್ನಡ. ನಾನು ಒಂಬತ್ತನೆಯಲ್ಲಿದ್ದ ಮಳೆಗಾಲದಲ್ಲಿ ಅವರು ಬಟಾಣಿ ಗಿಡದ ಎತ್ತರ ಗಿಡ್ಡದ ಪಾಠ ಮುಗಿಸಿ, ಪುಸ್ತಕ ಮುಚ್ಚಿ, ಮನುಷ್ಯರಲ್ಲೂ ಹೀಗೆ ಬರುವ ರೋಗಗಳಿವೆ ಎಂದರು. ವಿಲಾಯತಿಯ ಕಡೆಯ ಒಂದು ರಾಜಮನೆತನದಲ್ಲಿ ಹುಡುಗರಿಗೆ ಗಾಯವಾದರೆ ರಕ್ತ ಹೆಪ್ಪುಗಟ್ಟುತ್ತಿರಲಿಲ್ಲವಂತೆ. ಹುಡುಗಿಯರಿಗೆ ಏನೂ ಆಗುತ್ತಿರಲಿಲ್ಲವಂತೆ. ಅದಕ್ಕೆ ಹಿಮೋಫೀಲಿಯಾ ಎಂದು ಹೆಸರು. ಗಂಟೆ ಹೊಡೆದ ಮೇಲೆ ಅವರ ಹಿಂದೆಯೇ ಹೋದೆ.

“ಸರ್, ಆ ಹುಡುಗರ ಅಪ್ಪಂದಿರ ಮನೆಯಲ್ಲಿ ಆ ರೋಗ ಇತ್ತಾ?”

“ಇರಬೇಕಾಗಿಲ್ಲ. ಯಾಕೆ ಕೇಳ್ತೀಯ?”

“ಇದ್ದದ್ದೋ ಇಲ್ಲದ್ದೋ ಗೊತ್ತು ಮಾಡುವುದು ಹೇಗೆ ಸರ್?”

ಅವರು ನನ್ನ ಮುಖ ನೋಡಿದರು. ಸ್ಟಾಫ್ ರೂಮಿನಲ್ಲಿ ಕೂರಿಸಿ ಒಂದು ಕಾಗದದ ಮೇಲೆ ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಮದುವೆಗೆ ಅಡ್ಡಗೆರೆ, ಮಕ್ಕಳಿಗೆ ಕೆಳಗೆರೆ ಎಂದು ಬರೆದು ತೋರಿಸಿದರು. ರೋಗವಿದ್ದವರ ಚೌಕಕ್ಕೆ ಶಾಯಿ ತುಂಬಬೇಕು. ವಾರ್ಷಿಕೋತ್ಸವದ ದಿನ ವಿಜ್ಞಾನ ಸಂಘದ ಸಭೆಯಲ್ಲಿ ಒಬ್ಬ ವಿದ್ಯಾರ್ಥಿ ತಾನೇ ಹುಡುಕಿ ತಂದ ವಿಷಯ ಮಂಡಿಸುವ ಪದ್ಧತಿಯಿತ್ತು. ನೀನೇ ಮಾಡು ಎಂದರು. ಆದರೆ ಮನೆಯಲ್ಲಿ ಸತ್ತ ಹುಡುಗರ ಹೆಸರು ಎತ್ತುವಂತಿರಲಿಲ್ಲ. ಕೇಳುವುದು ಯಾರನ್ನು?

ಕೇಳುವ ಅಗತ್ಯ ಬೀಳಲಿಲ್ಲ. ಆಷಾಢದ ಆಟಿ ತಿಂಗಳಿನಲ್ಲಿ ನಮ್ಮಲ್ಲಿ ಸತ್ತವರಿಗೆ ಬಡಿಸುವ ದಿನ ಬಂತು. ಒಳಕೋಣೆಯಲ್ಲಿ ಸಾಲಾಗಿ ಬಾಳೆಎಲೆ ಹಾಕಿ, ರೊಟ್ಟಿ, ಕೋಳಿ, ಅನ್ನ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದು ಕಾಯಬೇಕು. ದೊಡ್ಡವರ ಎಲೆಗಳ ಸಾಲು ಒಂದು. ಗೋಡೆಯ ಬದಿಗೆ, ಚಿಕ್ಕ ಪ್ರಾಯದಲ್ಲಿ ಹೋದ ಹುಡುಗರಿಗೆಂದು, ಅಂಗೈಯಗಲದ ಎಲೆಗಳ ಸಾಲು ಇನ್ನೊಂದು. ಆ ಸಣ್ಣ ಎಲೆಗಳಿಗೆ ಬಡಿಸುವುದು ಅಜ್ಜಿ ಒಬ್ಬಳೇ. ಕೋಳಿಯ ಎಲುಬು ತೆಗೆದು ಬಡಿಸುತ್ತಿದ್ದಳು, ಸತ್ತ ಮೇಲೂ. ಆ ವರ್ಷ ನೀರಿನ ಚೆಂಬು ಹಿಡಿದುಕೊಂಡು ನಾನು ಅವಳ ಹಿಂದೆ ಹೋದೆ. ಅವಳು ಬಗ್ಗಿ ಒಂದೊಂದು ಎಲೆಯ ಹತ್ತಿರವೂ ಮೆಲ್ಲಗೆ ಗುಣುಗುಣಿಸುತ್ತಿದ್ದಳು: ಇದು ತಂಗಿ ದೇವಕಿಯ ಮಗನಿಗೆ, ಇದು ದೇವಕಿಯ ಇನ್ನೊಬ್ಬನಿಗೆ, ಇದು ನನ್ನವನಿಗೆ, ಇದು ಸುಂದರಿಯ ಮಗನಿಗೆ, ಇದು ಸಂಜೀವನಿಗೆ. ಹೀಗೆ ಒಟ್ಟು ಒಂಬತ್ತು ಎಲೆ. ಒಂದೂ ಹೆಣ್ಣುಮಗುವಿನದ್ದಲ್ಲ. ಹೊರಗೆ ಬಂದು ಅಂಗಳದ ಮಣ್ಣಿನಲ್ಲಿ ಬೆರಳಿಂದ ಒಂಬತ್ತು ಚೌಕ ಬರೆದುಕೊಂಡೆ. ಮಳೆ ಬಂದು ಅಳಿಸುವ ಮೊದಲು ಲೆಕ್ಕದ ಪುಸ್ತಕಕ್ಕೆ ಇಳಿಸಿದೆ.

ಎಲೆಗಳು ಸತ್ತವರನ್ನು ಹೇಳಿದವು. ಆದರೆ ಅಪ್ಪಂದಿರದ್ದು ತಪ್ಪಲ್ಲ ಎಂದು ಹೇಳುವವರು ಬೇಕಿತ್ತು. ಸುಂದರಿ ಎಂದರೆ ನನ್ನ ಚಿಕ್ಕಮ್ಮ. ಅವಳ ಮಗ ಹೋದಾಗಲೂ ಹೀಗೇ ಪ್ರಶ್ನೆ ಇರಿಸಿ, ಹೀಗೇ ಅವಳ ಗಂಡನ ಮನೆಯ ನಾಗನನ್ನು ಹೇಳಿ, ಆ ಚಿಕ್ಕಪ್ಪ ಬೆಳ್ತಂಗಡಿಯ ಆಚೆ ತನ್ನ ಊರಿಗೆ ಹೋಗಿ ಬೇರೆ ಮದುವೆಯಾಗಿದ್ದ. ಶಾಲೆಗೆಂದು ಹೊರಟವನು ಒಂದು ದಿನ ವೇಣೂರು ದಾರಿಯ ಬಸ್ಸು ಹತ್ತಿದೆ. ಅವನ ಅಂಗಳದಲ್ಲಿ ನಾಲ್ಕು ಗಂಡುಮಕ್ಕಳು. ದೊಡ್ಡವನು ಕಳ್ಳು ಇಳಿಸುವ ಮೂರ್ತೆಯ ಕತ್ತಿ ಮಸೆಯುತ್ತಿದ್ದ. ಸಣ್ಣವನ ಎರಡೂ ಮೊಣಕಾಲಿನಲ್ಲಿ ಹಕ್ಕಳೆ ಕಟ್ಟಿದ ಗಾಯ. ಅವನು ಅದನ್ನು ಉಗುರಿನಿಂದ ಕೀಳುತ್ತ ಕೂತಿದ್ದ. ಹುಡುಗನೊಬ್ಬ ತನ್ನ ಗಾಯದ ಹಕ್ಕಳೆಯೊಂದಿಗೆ ಅಷ್ಟು ನಿಶ್ಚಿಂತೆಯಿಂದ ಆಡುವುದನ್ನು ನಾನು ನಮ್ಮ ಮನೆಯಲ್ಲಿ ಕಂಡದ್ದೇ ಇಲ್ಲ.

“ಎಂತ ಮಾರಾಯ, ಗಡ್ಡದ ಮನೆಯವರಿಗೆ ನನ್ನ ನೆನಪಾಯ್ತಾ?” ಎಂದ ಚಿಕ್ಕಪ್ಪ.

“ನಿಮ್ಮ ಮಕ್ಕಳಿಗೆ ರಕ್ತ ಬಂದರೆ ನಿಲ್ತದಾ ಚಿಕ್ಕಪ್ಪ?”

ಅವನ ನಗು ನಿಂತಿತು. “ಒಂದೊಂದು ಮಗು ಹುಟ್ಟಿದಾಗಲೂ ಒಂದು ವರ್ಷ ನಾನು ನಿದ್ದೆ ಮಾಡ್ಲಿಲ್ಲ. ನಾಗನಿಗೆ ಏನೆಲ್ಲ ಹೇಳಿಕೊಂಡೆ. ನಿಲ್ತದೆ ಮಗಾ. ನಾಲ್ಕೂ ಜನರದ್ದು ನಿಲ್ತದೆ.” ಮತ್ತೆ ಸಣ್ಣವನ ಕೈಯನ್ನು ಗಾಯದಿಂದ ಸರಿಸಿ, “ನಿನ್ನ ಚಿಕ್ಕಮ್ಮ ಹೇಗಿದ್ದಾಳೆ?” ಎಂದ.

ನಾನು ಹಾರುತ್ತ ಬಂದೆ. ನಾಗ ಅದೇ, ಮನೆ ಅದೇ, ಅಪ್ಪ ಅವನೇ. ನಮ್ಮ ಮನೆಯಲ್ಲಿ ಹುಟ್ಟಿದ ಮಗ ಸತ್ತ, ಇನ್ನೊಂದು ಮನೆಯಲ್ಲಿ ಹುಟ್ಟಿದ ನಾಲ್ವರು ಬದುಕಿದರು. ಇಂದ್ರ ಮಾಸ್ಟ್ರು ಕೇಳಿ ಎರಡು ಸಲ ತಲೆಯಾಡಿಸಿದರು.

“ಹೆಸರು ಬರೆಯಬೇಡ. ಸಂಖ್ಯೆ ಮಾತ್ರ ಹಾಕು. ಮನೆಯಲ್ಲಿ ಕೇಳಿದ್ದೀಯಾ?”

“ಕೇಳಿದ್ದೇನೆ ಸರ್.”

ಕೇಳಿರಲಿಲ್ಲ. ನಾಲ್ಕು ಡ್ರಾಯಿಂಗ್ ಕಾಗದ ಅಂಟಿಸಿ ನಕ್ಷೆ ಬರೆದೆ. ಹೆಸರೇನೋ ಹಾಕಲಿಲ್ಲ. ಆದರೆ ಕೆಲಸ ಅಂದಚೆಂದವಾಗಿ, ಪೂರ್ತಿಯಾಗಿ ಇರಬೇಕೆಂಬ ಹುಚ್ಚು ನನಗೆ. ಪ್ರತಿ ಕಪ್ಪು ಚೌಕದ ಬದಿಗೆ ಸಣ್ಣ ಅಕ್ಷರದಲ್ಲಿ, ನೆರೆಕರೆಯವರಿಂದ ಕಿವಿಗೆ ಬಿದ್ದ ವಿವರ ಬರೆದೆ: ‘ಹಾಲುಹಲ್ಲು’, ‘ಮೂಗು’, ‘ಬಿದ್ದದ್ದು’. ಒಂದು ಚೌಕದ ಬದಿಗೆ ‘ಬದುಕಿದ್ದಾರೆ, ಮೊಣಕಾಲು ಮಡಚಲಾಗುವುದಿಲ್ಲ’. ದೊಡ್ಡಮಾವನ ಎಡಗಾಲು ಕೋಲಿನ ಹಾಗೆ ಸೆಟೆದಿತ್ತು. ಕಂಬಳದಲ್ಲಿ ಕೋಣ ಎಳೆದು ಬಿದ್ದದ್ದು ಎಂದು ಅವನು ಹೇಳುವುದು, ಊರು ನಂಬುವುದು. ಅದರೊಳಗೆ ರಕ್ತ ತುಂಬಿ ತುಂಬಿ ಹಾಗಾದದ್ದು ಎಂದು ಮಾಸ್ಟ್ರು ವಿವರಿಸಿದ ಮೇಲೆ ನನಗೆ ಗೊತ್ತಾಗಿತ್ತು. ವಿಷಯ ಯಾವುದೆಂದು ಹೇಳದೆ ಮನೆಯವರನ್ನು ಕರೆದೆ. ಅಪ್ಪನಿಗೆ ಬಂಟ್ವಾಳಕ್ಕೆ ಕಾರ್ಡು ಬರೆದೆ: ನೀವು ಬರಲೇಬೇಕು.

ಸಭೆ ಮಧ್ಯಾಹ್ನ ಮೂರಕ್ಕೆ. ದೊಡ್ಡಮಾವ ಜರಿ ಶಾಲು ಹೊದ್ದು ಮುಂದಿನ ಸಾಲಿನಲ್ಲಿ, ಕಾಲು ಚಾಚಿಕೊಂಡು ಕೂತಿದ್ದ. “ನಮ್ಮ ಮನೆಯ ಹುಡುಗನ ಭಾಷಣ” ಎಂದು ಆಚೀಚೆಯವರಿಗೆ ಹೇಳುತ್ತಿದ್ದ. ಹೆಂಗಸರ ಬೆಂಚಿನಲ್ಲಿ ಅಮ್ಮ. ಹಿಂದೆ, ಗೋಡೆಗೆ ಒರಗಿ ನಿಂತ ಅಪ್ಪ. ಎರಡು ವರ್ಷದಲ್ಲಿ ಅವನ ಕಿವಿಯ ಹತ್ತಿರದ ಕೂದಲು ಬೆಳ್ಳಗಾಗಿತ್ತು. ನಾನು ಬೆತ್ತ ಹಿಡಿದು ಸುರು ಮಾಡಿದೆ. ‘ಒಂದು ಮನೆಯಲ್ಲಿ’ ಎಂದೇ ಹೇಳಿದೆ. ಆದರೆ ಮೊಣಕಾಲಿನ ಚೌಕದ ಮೇಲೆ ಬೆತ್ತ ಬಂದಾಗ ಮುಂದಿನ ಸಾಲಿನವರ ಕಣ್ಣು ಒಂದೊಂದಾಗಿ ಕೆಳಗಿಳಿದು ದೊಡ್ಡಮಾವನ ಚಾಚಿದ ಕಾಲಿನ ಮೇಲೆ ನಿಂತಿತು. ಅವನು ಶಾಲು ಎಳೆದು ಕಾಲು ಮುಚ್ಚಿಕೊಂಡ. ನನಗೆ ಅದು ಕಂಡಿತು. ಆದರೂ ನಿಲ್ಲಿಸಲಿಲ್ಲ. ಬೆಳ್ತಂಗಡಿಯ ನಾಲ್ಕು ಖಾಲಿ ಚೌಕಗಳನ್ನು ಒಂದೊಂದಾಗಿ ಕುಟ್ಟಿ ತೋರಿಸಿ, ಅಪ್ಪನ ಕಡೆ ನೋಡುತ್ತ, “ಆದುದರಿಂದ ತಂದೆಯ ಮನೆಗೂ ಈ ರೋಗಕ್ಕೂ ಯಾವ ಸಂಬಂಧವೂ ಇಲ್ಲ” ಎಂದೆ. ಅಪ್ಪ ಗೋಡೆ ಬಿಟ್ಟು ನೆಟ್ಟಗೆ ನಿಂತ.

ಅತಿಥಿಯಾಗಿ ಬಂದಿದ್ದ ಪೇಟೆಯ ಡಾಕ್ಟ್ರು ಸಂತೋಷದಿಂದ ಮುಂದೆ ಬಾಗಿದರು.

“ತುಂಬ ಚೆನ್ನಾಗಿದೆ ತಮ್ಮ. ತಂದೆಯಿಂದ ಅಲ್ಲ. ಹಾಗಾದರೆ ಯಾರಿಂದ?”

ಅಷ್ಟು ತಿಂಗಳು ನಾನು ಚೌಕಗಳನ್ನೇ ನೋಡಿದ್ದೆ. ವೃತ್ತಗಳು ಚೌಕಕ್ಕೆ ಚೌಕ ಜೋಡಿಸುವ ಗಂಟುಗಳು, ಅಷ್ಟೆ. ಈಗ ಬೆತ್ತ ಹುಡುಕುತ್ತ ಹೋಗಿ ಒಂದು ವೃತ್ತದ ಮೇಲೆ ನಿಂತಿತು. ಹನ್ನೊಂದನೆಯ ಸಂಖ್ಯೆ. ಅದರ ಕೆಳಗೆ ಮೂರು ಚೌಕ, ಎರಡು ಕಪ್ಪು. ಬೆಂಚಿನಲ್ಲಿ ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

“ಹೇಳು, ಹೇಳು. ಯಾರಿಂದ?”

“ತಾಯಿಯಿಂದ ಸರ್.”

ಚಪ್ಪಾಳೆ ಬಿತ್ತು. ದೊಡ್ಡಮಾವ ಕೋಲೂರಿ ಎದ್ದು, ಆ ಕಾಲನ್ನು ಎಳೆಯುತ್ತ, ಎಲ್ಲರೆದುರು ಸಭೆಯ ಉದ್ದಕ್ಕೂ ನಡೆದು ಹೊರಗೆ ಹೋದ. ಅಮ್ಮ ಅವನ ಹಿಂದೆ ಹೋದಳು.

ಮನೆಯಲ್ಲಿ ಯಾರೂ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು. ದೊಡ್ಡಮಾವ ತನ್ನ ಕೋಣೆಯಲ್ಲೇ ಉಂಡ. ಅಮ್ಮ ಬಡಿಸುವಾಗ ನನ್ನ ತಟ್ಟೆ ನೋಡಿದಳೇ ಹೊರತು ಮುಖ ನೋಡಲಿಲ್ಲ. ಮರುದಿನ ಬೆಳಿಗ್ಗೆ ಅಜ್ಜಿ ದನದ ಹಟ್ಟಿಯ ಹತ್ತಿರ ನನ್ನನ್ನು ನಿಲ್ಲಿಸಿದಳು.

“ನನ್ನ ಬಾಯಿಂದ ಕೇಳಿ, ಲೆಕ್ಕ ಮಾಡಿ, ಊರಿಗೆ ಹೇಳಿದಿಯಲ್ಲ. ನಮಗೆ ಗೊತ್ತಿರ್ಲಿಲ್ಲ ಅಂತ ಮಾಡಿದ್ದೀಯಾ?”

“ಗೊತ್ತಿದ್ದರೆ ಮತ್ತೆ ಅಪ್ಪನಿಗೆ ಯಾಕೆ ಹಾಗೆ ಹೇಳಿದ್ದು?”

“ನಿನ್ನ ಅಪ್ಪನಿಗೆ ಹೋಗ್ಲಿಕ್ಕೆ ಅವನ ಅಮ್ಮನ ಮನೆ ಉಂಟು. ದೂರನ್ನು ಹೊತ್ತುಕೊಂಡು ಹೋಗಿ ಅಲ್ಲಿ ಇಳಿಸ್ತಾನೆ. ನನ್ನ ಮಗಳು ಇದನ್ನು ಹೊತ್ತುಕೊಂಡು ಯಾವ ಮನೆಗೆ ಹೋಗುವುದು? ಹೇಳು, ನೀನು ಓದಿದವನಲ್ಲ.”

ನಾನು ಸಗಣಿ ಬುಟ್ಟಿ ಎತ್ತಿಕೊಂಡು ಹೋದೆ.

ಶನಿವಾರ ಬಸ್ಸಿನ ಸದ್ದು ದೂರವಾಗಲಿಲ್ಲ, ನಿಂತಿತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎರಡೆರಡು ಮೆಟ್ಟಿಲು ಹಾರಿ ಬಂದು ಚಾವಡಿಯ ನಡುವಿನ ಬೆಂಚಿನಲ್ಲಿ ಕೂತ.

“ಭಾವಾ, ಹೊರಗೆ ಬನ್ನಿ. ಎರಡು ವರ್ಷ ಆಯ್ತಲ್ಲ, ಈಗ ಹೇಳಿ ನೋಡುವ. ಯಾರ ಮನೆಯ ನಾಗ?”

ಕೋಣೆಯ ಬಾಗಿಲು ತೆರೆಯಲಿಲ್ಲ. ಅಮ್ಮ ಒಂದು ತಟ್ಟೆಯಲ್ಲಿ ಬೆಲ್ಲ, ಚೆಂಬಿನಲ್ಲಿ ನೀರು ತಂದು ಅವನಿಂದ ಮಾರು ದೂರದಲ್ಲಿ ಇಟ್ಟಳು. ದಾರಿಹೋಕರಿಗೆ, ಪರಿಚಯವಿಲ್ಲದ ನೆಂಟರಿಗೆ ಇಡುವ ಹಾಗೆ. ಅಪ್ಪ ಆ ತಟ್ಟೆಯನ್ನು ನೋಡಿದ. ಮುಟ್ಟಲಿಲ್ಲ. ಮೂಲೆಯ ಚಾಪೆಯಲ್ಲಿ ಬಾಬು ಮಲಗಿದ್ದ. ಅವನ ಪಾದದ ಗಂಟು ಊದಿ ಮೂರು ದಿನವಾಗಿತ್ತು. ಎಂಟು ವರ್ಷದ ಹುಡುಗ ಅಪ್ಪನನ್ನು ನೋಡಿದರೂ ಅವನನ್ನು ಕರೆಯಲಿಲ್ಲ, ಅಮ್ಮನನ್ನು ಕರೆದ.

“ಅಮ್ಮಾ, ಶಾಲೆಯಲ್ಲಿ ಹೇಳ್ತಾರೆ, ನನಗೆ ಇದು ನೀನು ಕೊಟ್ಟದ್ದಂತೆ. ಹೌದಾ?”

ಅಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು. ಬಿಡಿಸಿದಳು.

“ಕೊಡುವಾಗ ನಿನಗೆ ಗೊತ್ತಿತ್ತಾ?”

ಅವಳು ಆ ಬಟ್ಟೆಯಿಂದ ಮುಖ ಮುಚ್ಚಿಕೊಂಡಳು. ನಾನು ಕಂಬ ಹಿಡಿದು ನಿಂತಿದ್ದೆ. ಅಪ್ಪ ಬೆಂಚಿನಿಂದ ಎದ್ದ.

“ಯಾವ ಬೆಪ್ಪ ಹೇಳಿದ್ದು ನಿನಗೆ? ಅಮ್ಮನದ್ದಲ್ಲ ಮಗಾ. ಅದು ನಮ್ಮ ಕಡೆಯದ್ದು. ಒಂದು ವರ್ಷ ನಾನು ಬನಕ್ಕೆ ಹೋಗ್ಲಿಲ್ಲ, ತಂಬಿಲ ತಪ್ಪಿತು. ನಾಗನಿಗೆ ಸಿಟ್ಟು. ನನ್ನ ಮೇಲಿನ ಸಿಟ್ಟು ನಿನ್ನ ಮೇಲೆ ತೋರಿಸ್ತಾ ಇದ್ದಾನೆ.”

“ಅಣ್ಣ ಎಲ್ಲರ ಎದುರು ಬೇರೆ ಹೇಳಿದನಲ್ಲ?”

“ಅವ ಸಣ್ಣವ. ಲೆಕ್ಕ ತಪ್ಪಿದ್ದಾನೆ.”

ಬಾಬು ನನ್ನ ಕಡೆ ನೋಡಿದ. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನನ್ನ ಆರು ತಿಂಗಳ ಕೆಲಸ ಅದು. ನಾನು ಆ ತನಕ ಮಾಡಿದ ಕೆಲಸಗಳಲ್ಲೆಲ್ಲ ನೆಟ್ಟಗಿನದ್ದು ಅದೊಂದೇ.

ಮರುದಿನ ಭಾನುವಾರ ಇಂದ್ರ ಮಾಸ್ಟ್ರು ಸೈಕಲ್ಲಿನಲ್ಲಿ ಬಂದರು. ನಕ್ಷೆ ಸುರುಳಿ ಸುತ್ತಿ ಕ್ಯಾರಿಯರಿಗೆ ಕಟ್ಟಿದ್ದರು. ಡಾಕ್ಟ್ರು ಮಂಗಳೂರಿಗೆ ಬರೆದಿದ್ದಾರೆ, ಅಲ್ಲಿಯ ದೊಡ್ಡ ಡಾಕ್ಟ್ರುಗಳ ಎದುರು ಹುಡುಗ ಇದನ್ನು ಹೇಳಬೇಕು, ಮುಂದಿನ ಓದಿಗೂ ಅವರು ದಾರಿ ಮಾಡಿಯಾರು ಎಂದು ಉಸಿರು ಬಿಡದೆ ಹೇಳಿದರು. ಅಪ್ಪ ಬೆಂಚಿನಲ್ಲಿ ಎಲೆ ಅಡಿಕೆ ಹಿಡಿದು ಕೂತಿದ್ದ. ದೊಡ್ಡಮಾವನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಬಾಬು ಚಾಪೆಯಿಂದ ಮೊಣಕೈ ಊರಿ ಎದ್ದ. ಒಳಬಾಗಿಲಲ್ಲಿ ಅಮ್ಮನ ಸೀರೆಯ ಅಂಚು ಕಾಣುತ್ತಿತ್ತು.

“ಅದರಲ್ಲಿ ತಪ್ಪುಂಟು ಸರ್,” ಎಂದೆ.

“ತಪ್ಪು? ನಾನೇ ನೋಡಿದ್ದೇನಲ್ಲ. ಎಲ್ಲಿ, ತೋರಿಸು.”

ಮೆಟ್ಟಿಲ ಮೇಲೆ ನಕ್ಷೆ ಬಿಡಿಸಿದರು. ನಾನು ಕೂತು ಹನ್ನೊಂದನೆಯ ವೃತ್ತವನ್ನು ಅಂಗೈಯಿಂದ ಮುಚ್ಚಿ, ಪಕ್ಕದಲ್ಲಿದ್ದ ಅಪ್ಪನ ಖಾಲಿ ಚೌಕದ ಮೇಲೆ ಬೆರಳಿಟ್ಟೆ.

“ಇದಕ್ಕೆ ಶಾಯಿ ತುಂಬಬೇಕಿತ್ತು ಸರ್. ಬಿಟ್ಟುಹೋಗಿದೆ.”

ಮಾಸ್ಟ್ರು ನನ್ನ ಅಂಗೈಯನ್ನು ನೋಡಿದರು. ಅಪ್ಪನನ್ನು ನೋಡಿದರು. ಬಾಬುವಿನ ಊದಿದ ಕಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಷೆಯನ್ನು ನನ್ನ ಕೈಗೇ ಕೊಟ್ಟು, “ನಾಳೆ ಶಾಲೆಗೆ ಬಾ, ಮಾತಾಡುವ,” ಎಂದರು. ನಾನು ಹೋಗಲಿಲ್ಲ. ಸರಿಯೆಂದು ಗೊತ್ತಿರುವುದನ್ನು ಅವರ ಕಣ್ಣೆದುರೇ ತಪ್ಪು ಎಂದ ಮೇಲೆ ಅವರೆದುರು ಕೂತು ಇನ್ನು ಯಾವ ಪಾಠ ಒಪ್ಪಿಸುವುದು? ಅವರು ಮತ್ತೆ ಎರಡು ಸಲ ಕರೆಯಲು ಬಂದರು. ಎರಡು ಸಲವೂ ನಾನು ಗದ್ದೆಯಲ್ಲಿದ್ದೆ. ಓದು ತಲೆಗೆ ಹತ್ತದೆ ಬಿಟ್ಟವನು ಎಂದು ಊರು ತಿಳಿಯಿತು. ಅದನ್ನು ತಿದ್ದಲು ನಾನು ಎಂದೂ ಹೋಗಿಲ್ಲ, ಇಲ್ಲಿ ಬರೆದದ್ದೇ ಮೊದಲು.

ಅಪ್ಪ ಆ ಸೋಮವಾರ ಬಂಟ್ವಾಳಕ್ಕೆ ಹೋದವನು ಮುಂದಿನ ಶನಿವಾರ ಬಂದ. ಅದರ ಮುಂದಿನ ಶನಿವಾರವೂ ಬಂದ. ಬಾಬು ಆಮೇಲೆ ಹನ್ನೊಂದು ವರ್ಷ ಬದುಕಿದ. ಗಂಟು ಊದಿ ನೋವು ಏರಿದಾಗಲೆಲ್ಲ ಅಪ್ಪನ ಮನೆಯ ನಾಗನಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ. ಅಪ್ಪ ತಲೆ ತಗ್ಗಿಸಿ ಕೇಳುತ್ತಿದ್ದ. ಊಟದ ಹೊತ್ತಿಗೆ ಮಾತ್ರ ಬಾಬುವಿಗೆ ಅಮ್ಮನೇ ಆಗಬೇಕು. ಬೇರೆ ಯಾರ ಕೈಯಿಂದಲೂ ಅವನು ತುತ್ತು ತೆಗೆದುಕೊಳ್ಳುತ್ತಿರಲಿಲ್ಲ.